ಮಳವಳ್ಳಿಯಲ್ಲಿ ನೋಡತಕ್ಕ ಸ್ಥಳಗಳು

ಗಗನಚುಕ್ಕಿ ನೋಡಿಕೊಂಡು ಮೈಸೂರಿಗೆ ವಾಪಸು ಬರುತ್ತಿದ್ದೆವು. ಬಸ್ಸು ಮಳವಳ್ಳಿಯಲ್ಲಿ ಹತ್ತು ನಿಮಿಷ ನಿಂತಿತು. ಕಂಡಕ್ಟರು ಟೀ ಕುಡಿಯಲು ಇಳಿದು ಹೋದ. ಎಲ್ಲಿಂದಲೋ ಗೂಡು ಬೇಯಿಸುವ ವಾಸನೆ ಬಂತು. ರೇಷ್ಮೆ ಗೂಡನ್ನು ಕುದಿಯುವ ನೀರಿಗೆ ಹಾಕಿ ನೂಲು ಬಿಚ್ಚುವಾಗ ಒಳಗಿನ ಹುಳು ಬೆಂದು ಏಳುವ ವಾಸನೆ ಅದು. ಅಭ್ಯಾಸವಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ನನ್ನ ಮಗಳು ವಸು ಸೆರಗನ್ನು ಮೂಗಿಗೆ ಹಿಡಿದಳು. ಮೊಮ್ಮಗಳು ಕಿಟಕಿಯಿಂದ ಆಚೆ ಈಚೆ ನೋಡಿ, "ಅಜ್ಜಿ, ಈ ಊರಲ್ಲಿ ನೋಡೋಕೆ ಏನಿದೆ?" ಅಂದಳು.

"ಏನೂ ಇಲ್ಲ ಕಣೆ, ಸುಮ್ನೆ ಕೂತ್ಕೋ" ಅಂದಳು ವಸು.

ನನಗೆ ನಗುವೂ ಬಂತು, ಸ್ವಲ್ಪ ಸಿಟ್ಟೂ ಬಂತು. ಈ ಊರಲ್ಲಿ ನೋಡುವುದಕ್ಕೆ ಏನೇನಿದೆ ಅಂತ ಒಂದು ಕಾಲದಲ್ಲಿ ನಾಲ್ಕು ದೊಡ್ಡ ಹಾಳೆಗಳ ತುಂಬ ಬರೆದವಳು ನಾನು. ಇಂಕು ಒತ್ತಿ ಒತ್ತಿ, ಮೂರು ಸಲ ತಿದ್ದಿ, ನಾಲ್ಕನೇ ಸಲ ಚೊಕ್ಕವಾಗಿ ನಕಲು ತೆಗೆದಿದ್ದೆ. ಅಷ್ಟು ಶ್ರದ್ಧೆಯಿಂದ ನಾನು ಬದುಕಿನಲ್ಲಿ ಇನ್ನೇನನ್ನೂ ಬರೆದಿಲ್ಲ. ಅದನ್ನು ಯಾಕೆ ಬರೆದೆ, ಬರೆದು ಏನಾಯಿತು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅದು ಯುದ್ಧದ ಕಾಲ, ನಲವತ್ತಮೂರನೇ ಇಸವಿ. ನನಗೆ ಇಪ್ಪತ್ತಮೂರು ವರ್ಷ. ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ವಸುವಿಗೆ ನಾಲ್ಕು ತುಂಬುತ್ತಿತ್ತು. ನಾವಿಬ್ಬರೂ ಮೈಸೂರಿನಲ್ಲಿ ನನ್ನ ಗಂಡನ ಅಣ್ಣನ ಮನೆಯಲ್ಲಿದ್ದೆವು. ಭಾವನವರು ಒಳ್ಳೆಯವರೇ, ಮಾತು ಕಡಿಮೆ. ಓರಗಿತ್ತಿಗೆ ಮಕ್ಕಳಿರಲಿಲ್ಲ. ವಸುವನ್ನು ನೆಲಕ್ಕೆ ಇಳಿಸುತ್ತಿರಲಿಲ್ಲ. ನಾನು ಓದಿ, ತರಬೇತಿ ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿದೆ. ಸಿಕ್ಕಿದ್ದು ಮಳವಳ್ಳಿಯ ಹೆಣ್ಣುಮಕ್ಕಳ ಶಾಲೆ.

ಮಗುವನ್ನೂ ಕರೆದುಕೊಂಡು ಹೋಗುತ್ತೇನೆ ಅಂದೆ. "ನೀವು ಪಾಠಕ್ಕೆ ಹೋದಾಗ ಯಾರು ನೋಡ್ಕೋತಾರೆ? ಇಲ್ಲೇ ಇರಲಿ. ವರ್ಗ ಮಾಡಿಸ್ಕೊಂಡು ಬಂದುಬಿಡಿ" ಅಂದರು ಭಾವನವರು. ಅದು ಸರಿಯಾದ ಮಾತೇ. ಹೊರಡುವ ದಿನ ವಸು ಓರಗಿತ್ತಿಯ ಸೊಂಟದ ಮೇಲೆ ಕೂತು ಕೈ ಆಡಿಸಿದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿರುತ್ತಿತ್ತು ಅಂತ ದಾರಿಯುದ್ದಕ್ಕೂ ಅಂದುಕೊಂಡೆ.

ಮಳವಳ್ಳಿಯಲ್ಲಿ ನನಗೆ ಬಾಡಿಗೆಗೆ ಸಿಕ್ಕಿದ್ದು ಚಿಕ್ಕತಾಯಮ್ಮನ ಮನೆಯ ಒಂದು ಕೋಣೆ. ಅವರದು ಬೇಸಾಯದ ಮನೆತನ. ಗಂಡ ಬೋರೇಗೌಡರು ಗದ್ದೆ, ತೋಟ ಅಂತ ಇಡೀ ದಿನ ಹೊರಗೆ. ಚಿಕ್ಕತಾಯಮ್ಮ ನಡುಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ಐವತ್ತರ ಹೆಂಗಸು, ಗಟ್ಟಿ ದನಿ, ಮನಸ್ಸಿಗೆ ಬಂದದ್ದನ್ನು ಬಾಯಿಗೆ ತರುವುದಕ್ಕೆ ಒಂದು ಗಳಿಗೆಯೂ ತಡ ಮಾಡುತ್ತಿರಲಿಲ್ಲ. ನಾನು ಪೆಟ್ಟಿಗೆ ಇಳಿಸಿದ ಕೂಡಲೇ ನನ್ನ ಬರಿಯ ಹಣೆ ನೋಡಿ ಅರ್ಥ ಮಾಡಿಕೊಂಡಳು. ಆಮೇಲೆ ಕೇಳಿದಳು:

"ಮಕ್ಳೆಷ್ಟು ಕಣಮ್ಮ?"

ಅದೇ ಬೆಳಿಗ್ಗೆ ನಾನು ಕೂತು ಬಂದ ಬಸ್ಸಿನಲ್ಲಿ ಒಬ್ಬ ಹೆಂಗಸು ಇದನ್ನೇ ಕೇಳಿದ್ದಳು. ನಿಜ ಹೇಳಿದ್ದಕ್ಕೆ, "ಅಷ್ಟು ಎಳೇ ಮಗೀನ ಬುಟ್ಟು ಸಂಬ್ಳುಕ್ಕೆ ಒಂಟಿದ್ದೀಯಾ?" ಅಂತ ಎಲ್ಲರಿಗೂ ಕೇಳುವ ಹಾಗೆ ಅಂದಿದ್ದಳು. ಆ ಮಾತು ಇನ್ನೂ ಕಿವಿಯಲ್ಲೇ ಇತ್ತು. ಚಿಕ್ಕತಾಯಮ್ಮನ ಬಾಯಿಂದ ಅದನ್ನು ಮತ್ತೆ ಕೇಳುವ ಶಕ್ತಿ ನನಗಿರಲಿಲ್ಲ.

"ಇಲ್ಲ" ಅಂದೆ.

"ಓಗ್ಲಿ ಬುಡು, ನಿನ್ ಒಟ್ಟೆ ನೀನು ನೋಡ್ಕಳೋದೇ ಕಷ್ಟ" ಅಂತ ಹೇಳಿ ನನ್ನ ಪೆಟ್ಟಿಗೆಯನ್ನು ತಾನೇ ಎತ್ತಿ ಒಳಗಿಟ್ಟಳು.

ಒಂದು ಸಲ ಇಲ್ಲ ಅಂದಮೇಲೆ ಅದನ್ನು ನಿಭಾಯಿಸಬೇಕಾಯಿತು. ವಸುವಿಗೆ ಲಂಗ ಹೊಲಿಯುತ್ತಿದ್ದರೆ "ಯಾರಿಗೆ?" ಅನ್ನುತ್ತಿದ್ದಳು. "ನಮ್ಮ ಭಾವನ ಮನೆ ಮಗೂಗೆ" ಅನ್ನುತ್ತಿದ್ದೆ. ಸುಳ್ಳೇನಲ್ಲ, ಆದರೆ ಹೇಳುವಾಗ ಸೂಜಿಯಿಂದ ಕಣ್ಣೆತ್ತುತ್ತಿರಲಿಲ್ಲ. ಶಾಲೆಯಲ್ಲಿ ನಲವತ್ತು ಹುಡುಗಿಯರು ಮೇಷ್ಟ್ರಮ್ಮ ಮೇಷ್ಟ್ರಮ್ಮ ಅಂತ ಸುತ್ತುತ್ತಿದ್ದರು. ಸಾಯಂಕಾಲ ಅವರೆಲ್ಲ ಮನೆಗೆ ಹೋದ ಮೇಲೆ ನಾನು ಕೆರೆ ಏರಿಯ ಮೇಲೆ ಹೋಗಿ ಕೂರುತ್ತಿದ್ದೆ. ಮಳವಳ್ಳಿ ಕೆರೆ ದೊಡ್ಡದು. ಆಚೆ ದಡದಲ್ಲಿ ಎಮ್ಮೆಗಳು, ಈಚೆ ಬಟ್ಟೆ ಒಗೆಯುವವರು, ಅವರ ಮಕ್ಕಳು. ತಾಯಂದಿರು ಮಕ್ಕಳ ಬೆನ್ನಿಗೆ ಒಂದು ಗುದ್ದಿ ಮೈ ಉಜ್ಜುವುದನ್ನು ನೋಡುತ್ತಾ ಕೂರುತ್ತಿದ್ದೆ. ಗುದ್ದುವುದಕ್ಕಾದರೂ ನನ್ನ ಮಗು ಕೈಗೆ ಸಿಗಬಾರದೇ ಅನ್ನಿಸುತ್ತಿತ್ತು. ಅಷ್ಟು ಒಂಟಿತನವನ್ನು ನಾನು ಗಂಡ ಸತ್ತಾಗಲೂ ಅನುಭವಿಸಿರಲಿಲ್ಲ. ಆಗ ಮಡಿಲಲ್ಲಿ ವಸು ಇದ್ದಳು.

ತಿಂಗಳಿಗೊಮ್ಮೆ ಹೋಗಿ ಬರೋಣ ಅಂದರೆ ಅದೂ ಸಲೀಸಲ್ಲ. ಪೆಟ್ರೋಲು ಸಿಗದೆ ಬಸ್ಸುಗಳನ್ನು ಇದ್ದಿಲಿನಿಂದ ಓಡಿಸುತ್ತಿದ್ದ ಕಾಲ. ಬಸ್ಸಿನ ಹಿಂದೆ ಒಂದು ಒಲೆಯಂಥ ಹಂಡೆ ಕಟ್ಟಿರುತ್ತಿದ್ದರು. ಏರು ಬಂದರೆ ಉಸಿರು ಬಿಡುತ್ತಿತ್ತು. ಇಳಿದು ಹಂಡೆಯ ಪಕ್ಕದ ಚಕ್ರ ತಿರುವಿ ಗಾಳಿ ಹಾಕಬೇಕು. ಮೈಸೂರಿಗೆ ದಿನಕ್ಕೆ ಒಂದೇ ಬಸ್ಸು, ಅದೂ ಮಧ್ಯಾಹ್ನ. ಕೆಟ್ಟರೆ ಅದೂ ಇಲ್ಲ. ಆರು ತಿಂಗಳಲ್ಲಿ ಎರಡು ಸಲ ಹೋಗಿ ಬಂದೆ. ಎರಡನೇ ಸಲ ವಸು ನನ್ನ ಪಕ್ಕ ಮಲಗಲಿಲ್ಲ.

ವರ್ಗಕ್ಕೆ ಅರ್ಜಿ ಹಾಕಿದೆ. ಮಾಗಿ ಚಳಿ ಶುರುವಾಗುತ್ತಿದ್ದಾಗ ಅಮಲ್ದಾರರು ಕರೆಸಿದರು.

"ಮೈಸೂರಿನಿಂದ ದೊಡ್ಡ ಸಾಹೇಬರು ಪ್ರವಾಸ ಬರ್ತಾ ಇದ್ದಾರೆ. ಊರಿನ ಚರಿತ್ರೆ, ನೋಡತಕ್ಕ ಸ್ಥಳಗಳು, ಇದನ್ನೆಲ್ಲ ಸೇರಿಸಿ ಚೆನ್ನಾಗಿ ಒಂದು ವಿವರಣೆ ಬರೆದುಕೊಡಿ. ನಮ್ಮ ಗುಮಾಸ್ತರು ಬರೆದರೆ ಕಂದಾಯದ ಲೆಕ್ಕದ ಹಾಗಿರುತ್ತೆ. ಸಾಹೇಬರು ಮೆಚ್ಚಿದರೆ ನಿಮ್ಮ ಅರ್ಜಿಗೆ ನಾನೇ ಶಿಫಾರಸು ಬರೀತೀನಿ."

ನಾನು ಕುಣಿದುಬಿಡುವುದೊಂದು ಬಾಕಿ. ಆದರೆ ಬರೆಯಲು ಕೂತರೆ ಏನು ಬರೆಯುವುದು? ಮಳವಳ್ಳಿಗೆ ಬಂದವರೆಲ್ಲ ಬೇರೆಲ್ಲಿಗೋ ಹೋಗುವವರು. ಜಲಪಾತಕ್ಕೆ ಹೋಗುವವರು, ಮುತ್ತತ್ತಿಗೆ ಹೋಗುವವರು, ಮಾರೆಹಳ್ಳಿಯ ನರಸಿಂಹಸ್ವಾಮಿಗೆ ಕೈಮುಗಿಯಲು ಹೋಗುವವರು. ಊರಿನದೇ ಅಂತ ಒಂದು ಕೆರೆ, ಕರಗಿಹೋದ ಮಣ್ಣಿನ ಕೋಟೆಯ ದಿಬ್ಬ, ಸೋಮವಾರ ಶುಕ್ರವಾರ ಪೂಜೆಯ ಗುಡಿಗಳು. ಚಿಕ್ಕತಾಯಮ್ಮನನ್ನು ಕೇಳಿದರೆ, "ಇಲ್ ನೋಡಕ್ಕೇನೈತೆ, ನನ್ ಉಳ ನೋಡ್ಕಂಡ್ ಓಗ್ಲಿ ಸಾಯೇಬ್ರು" ಅಂದಳು.

ಕೊನೆಗೆ ನನ್ನನ್ನು ಕಾಪಾಡಿದವರು ಬುಡನ್ ಸಾಬರು. ಅವರು ಸಾಬರ ಬೀದಿಯಲ್ಲಿ ನೂಲು ಬಿಚ್ಚುವ ಕಸುಬಿನವರು. ಎಪ್ಪತ್ತು ದಾಟಿತ್ತು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಅವರ ಮೊಮ್ಮಗಳು ನನ್ನ ತರಗತಿಯಲ್ಲಿದ್ದಳು. ನಾನು ಹೋದಾಗಲೆಲ್ಲ ಬಾಣಲೆಯ ಪಕ್ಕ ಒಂದು ಮಣೆ ಹಾಕಿಸಿ, ಗೂಡಿನಿಂದ ಎಳೆ ತೆಗೆಯುತ್ತಾ ಮಾತಾಡುತ್ತಿದ್ದರು.

"ಮೇಷ್ಟ್ರಮ್ಮಾ, ಈ ಊರಲ್ಲಿ ನೋಡೋದು ಕಮ್ಮಿ, ಕೇಳೋದು ಜಾಸ್ತಿ. ಕೆರೆ ಹಿಂದೆ ಈಗ ರಾಗಿ ಹೊಲ ಐತಲ್ಲಾ, ಅಲ್ಲಿ ಪಟ್ಟಣದ ಸುಲ್ತಾನರ ಹಣ್ಣಿನ ತೋಟ ಇತ್ತು. ನಮ್ಮ ಮುತ್ತಾತ ಅಲ್ಲಿ ಮಾಲಿ. ಎಲ್ಲೆಲ್ಲಿಂದ್ಲೋ ಗಿಡ ತರಿಸೋರಂತೆ. ಈಗ ಒಂದೇ ಮಾವಿನ ಮರ ಉಳಿದದೆ. ಹಣ್ಣು ಬರೀ ಹುಳಿ. ಆದ್ರೂ ನಾನು ವರ್ಷಕ್ಕೊಂದು ತಿಂತೀನಿ."

"ಯಾಕೆ ಸಾಬರೇ?"

"ನಮ್ಮೋರು ನೆಟ್ಟಿದ್ದಲ್ವಾ. ಹುಳಿ ಅಂತ ನಮ್ಮದಲ್ಲ ಅನ್ನೋಕಾಗ್ತದಾ?"

ನಾನು ತಲೆ ತಗ್ಗಿಸಿ ಬರೆದುಕೊಂಡೆ. ಆ ಮಾತು ನನಗೆ ಚುಚ್ಚಿತು ಅಂತ ಅವರಿಗೆ ಗೊತ್ತಾಗುವ ಹಾಗಿರಲಿಲ್ಲ.

ಮೈಸೂರು ರಸ್ತೆಯಲ್ಲಿ ಊರು ದಾಟಿದ ಮೇಲೆ ಬರುವ ಬಯಲಿನ ಕತೆಯನ್ನೂ ಅವರೇ ಹೇಳಿದರು. ಸುಲ್ತಾನರ ದಂಡಿಗೂ ಇಂಗ್ಲಿಷರ ದಂಡಿಗೂ ಅಲ್ಲಿ ಕಾಳಗವಾಗಿತ್ತು. ಉಳುವಾಗ ಈಗಲೂ ಸೀಸದ ಗುಂಡು ಸಿಗುತ್ತದೆ ಅಂತ ಒಂದನ್ನು ತಂದು ನನ್ನ ಅಂಗೈಗೆ ಹಾಕಿದರು. ಗೋಲಿಯಷ್ಟು ಚಿಕ್ಕದು, ಕೈಗೆ ಭಾರ. ವಸುವಿಗೆ ಆಡಲು ಕೊಡಬಹುದು ಅನ್ನಿಸಿತು. ಅಂಥ ಹುಚ್ಚು ಯೋಚನೆಗಳು ಆಗ ದಿನಕ್ಕೆ ನೂರು ಬರುತ್ತಿದ್ದವು.

ಸಾಹೇಬರು ಗುರುವಾರ ಬರುವುದೆಂದಾಯಿತು. ಅದೇ ವಾರ ಚಿಕ್ಕತಾಯಮ್ಮನ ಹುಳುಗಳು ಹಣ್ಣಾಗತೊಡಗಿದವು. ತಿಂದು ತಿಂದು ಬೆಳೆದ ಹುಳು ಸೊಪ್ಪು ಬಿಟ್ಟು, ಮೈ ಹೊಂಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ತಲೆ ಎತ್ತುವುದಕ್ಕೆ ಹಣ್ಣಾಗುವುದು ಅನ್ನುತ್ತಾರೆ. ಆ ನಾಲ್ಕು ದಿನ ಸಾಕುವ ಮನೆಗಳಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ. ಒಗ್ಗರಣೆ ಹಾಕುವ ಹಾಗಿಲ್ಲ, ಬೀಡಿ ಸೇದುವ ಹಾಗಿಲ್ಲ, ಹೊಗೆ ಸೋಕಬಾರದು. ತಲೆಬಾಗಿಲು ಒಂದು ಗೇಣು ಮಾತ್ರ ತೆರೆದಿರುತ್ತದೆ, ಅದಕ್ಕೆ ಬೇವಿನ ಸೊಪ್ಪು ಸಿಕ್ಕಿಸಿರುತ್ತಾರೆ. ಅದನ್ನು ಕಂಡರೆ ಊರಿನವರು ಮೆಟ್ಟಿಲ ಬಳಿಯೇ ನಿಂತು ಮಾತು ಮುಗಿಸುತ್ತಾರೆ. ಸ್ವಂತ ತಮ್ಮ ಬಂದರೂ ಅಷ್ಟೇ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಯಾಕೆಂದರೆ ಎಲ್ಲರ ಮನೆಯಲ್ಲೂ ಅದೇ ಕ್ರಮ. ನಾನೂ ಕಾಲು ತೊಳೆದು ಸೀರೆ ಬದಲಾಯಿಸಿಯೇ ಒಳಗೆ ಬರಬೇಕಾಗಿತ್ತು. ಭಾನುವಾರ ಬೆಳಿಗ್ಗೆ ಚಿಕ್ಕತಾಯಮ್ಮ, "ಮೇಷ್ಟ್ರಮ್ಮ, ಇವತ್ತು ಒಳೀಕು ಒರೀಕು ಓಡಾಡ್ಬ್ಯಾಡ. ಓದೋಳು ಸಂಜೀಗೇ ಬಾ" ಅಂದಳು.

ಒಳ್ಳೆಯದೇ ಆಯಿತು ಅಂತ ಬುತ್ತಿ ಕಟ್ಟಿಕೊಂಡು ಹೊರಟೆ. ಕೋಟೆಯ ದಿಬ್ಬ ಹತ್ತಿದೆ, ಸುಲ್ತಾನರ ತೋಟದ ಆ ಒಂಟಿ ಮರ ನೋಡಿದೆ, ಮಧ್ಯಾಹ್ನದ ಹೊತ್ತಿಗೆ ಕಾಳಗದ ಬಯಲಿಗೆ ಬಂದೆ. ರಸ್ತೆಯ ಪಕ್ಕ ಒಂದು ಆಲದ ಮರ. ಅದರ ಬುಡದಲ್ಲಿ ಕೂತು ಬರೆಯತೊಡಗಿದೆ. ಹುರುಳಿ ಹೊಲದ ಮೇಲೆ ಬಿಸಿಲು, ತಣ್ಣಗೆ ಗಾಳಿ. ಬರವಣಿಗೆ ಸರಾಗವಾಗಿ ಬರುತ್ತಿತ್ತು. ಕುದುರೆಗಳು, ಫಿರಂಗಿಗಳು, ಧೂಳು. ಇದನ್ನು ಓದಿದರೆ ಎಂಥ ಸಾಹೇಬನೂ ಮೆಚ್ಚಲೇಬೇಕು ಅನ್ನುವ ಜಂಬ ನನಗೆ.

ಆಗ ಊರಿನ ಕಡೆಯಿಂದ ಮೈಸೂರಿಗೆ ಹೋಗುವ ಬಸ್ಸು ಬಂತು. ಆ ಏರಿನಲ್ಲಿ ಏದುಸಿರು ಬಿಟ್ಟು ನಿಂತೇಬಿಟ್ಟಿತು. ಇಬ್ಬರು ಇಳಿದು ಹಿಂದಿನ ಹಂಡೆಯ ಗಾಳಿ ಚಕ್ರ ತಿರುವತೊಡಗಿದರು. ಕಪ್ಪು ಹೊಗೆ ಗಾಳಿಗೆ ಸೀದಾ ನನ್ನ ಕಡೆಗೇ ಬಂತು. ಹಾಳೆಯ ಮೇಲೆ ಮಸಿ ಬೀಳುತ್ತದೆ ಅಂತ ಅದನ್ನು ಮಡಿಲಿಗೆ ಒತ್ತಿಕೊಂಡೆ. ಮುಖದ ಮೇಲೆ ಸೆರಗು ಎಳೆದುಕೊಂಡು, "ಇದರ ಮನೆ ಹಾಳಾಗ" ಅಂತ ಬೈಯುತ್ತಾ ಬೆನ್ನು ತಿರುಗಿಸಿ ಕೂತೆ. ಐದು ನಿಮಿಷ ಬಸ್ಸು ನಿಂತಿರಬಹುದು. ಆಮೇಲೆ ಹೋಯಿತು. ನಾನು ಮುಂದಿನ ಸಾಲು ಬರೆದೆ.

ಸಂಜೆ ಮನೆಗೆ ಬಂದಾಗ ಚಿಕ್ಕತಾಯಮ್ಮ ಬಾಗಿಲ ಸಂದಿಯಲ್ಲೇ ನಿಂತಿದ್ದಳು. ಕೈಯಲ್ಲಿ ಹಣ್ಣು ಹುಳುಗಳನ್ನು ಆಯ್ದ ಮೊರ.

"ಯಾರೋ ಬಂದಿದ್ರು ಮೇಷ್ಟ್ರಮ್ಮ. ಮದ್ದೂರಲ್ಲಿ ಮದ್ವೆ ಮುಗಿಸ್ಕಂಡು ಬಸ್ಸಲ್ಲಿ ಬಂದ್ರಂತೆ. ಒಂದು ಎಣ್ಮಗೀನ ಎತ್ಕಂಡಿದ್ರು. ಮೈಯೆಲ್ಲ ಇದ್ಲು ಒಗೆ ನಾತ. ಅಲ್ಲೇ ನಿಂತ್ಕಳಿ ಸ್ವಾಮಿ ಅಂದೆ. ಈ ಮಗೀನ ತಾಯಿ ಇಲ್ಲಿ ಅವ್ರಾ ಅಂತ ಕೇಳುದ್ರು."

ನನ್ನ ಕೈಯಲ್ಲಿದ್ದ ಹಾಳೆಗಳು ಕೆಳಗೆ ಬಿದ್ದವು.

"ನೀನೇನಂದೆ?"

"ಇಲ್ಲಿಲ್ಲ ಅಂದೆ. ನಿನ್ ಎಸ್ರೇ ಏಳುದ್ರು. ಅವ್ರು ನಮ್ ಮನೇಲೇ ಅವ್ರೆ, ಆದ್ರೆ ಅವ್ರಿಗೆ ಮಕ್ಳಿಲ್ಲ, ಅವ್ರೇ ಬಾಯ್ಬುಟ್ಟು ಏಳವ್ರೆ ಅಂದೆ. ಆವಯ್ಯ ಒಂದ್ ಗಳಿಗೆ ನನ್ನೇ ನೋಡ್ತಾ ನಿಂತಿದ್ದ. ಆಮ್ಯಾಕೆ ಮೈಸೂರ್ ಬಸ್ಸಿಡಿಯಕ್ಕೆ ಒಂಟೋದ. ಮಗ ಅಸ್ಕಂಡಿತ್ತು ಅಂತ ಸೊಪ್ಪಿನ್ ಬುಟ್ಟೀಲಿದ್ದ ನಾಕು ಇಪ್ನೇರ್ಲೆ ಅಣ್ಣು ಕೊಟ್ಟೆ. ಬಾಯೆಲ್ಲ ಬಣ್ಣ ಮಾಡ್ಕಂಡು ತಿಂತು."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಸ್ಸು, ಹೊಗೆ, ಬೆನ್ನು ತಿರುಗಿಸಿ ಕೂತದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಹತ್ತು ಮಾರು ದೂರವೂ ಇರಲಿಲ್ಲ. "ಅದು ನನ್ನ ಮಗು ಚಿಕ್ಕತಾಯಮ್ಮ" ಅಂದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೊರ ಕೆಳಗಿಟ್ಟಳು.

"ಎತ್ತ ಮಗೀನ ಇಲ್ಲ ಅಂದ್ಯಾ?"

"ಅಂದೆ."

"ಯಾಕಂಗಂದೆ?"

"ನೀನು ಬೈತೀಯಾ ಅಂತ."

"ಬೈತಿದ್ದೆ ಕಣಮ್ಮ. ಬೈದು, ಓಗಿ ಕರ್ಕಂಡ್ ಬಾ ಅಂತಿದ್ದೆ. ನನ್ ಮನೇಲಿ ಒಂದ್ ಮಗ ಎಚ್ಚಾಯ್ತದಾ?"

ಆಮೇಲೆ ಅವಳು ಮಾಡಿದ್ದನ್ನು ನಾನು ಮರೆತಿಲ್ಲ. ಹುಳು ಹಣ್ಣಾಗಿರುವಾಗ ಸಾಕುವವರು ಆಯುವುದನ್ನು ಬಿಟ್ಟು ಕದಲಬಾರದು, ಗೂಡು ಕೆಡುತ್ತದೆ. ಅವಳು ಬಾಗಿಲು ಪೂರ್ತಿ ತೆರೆದು, ಹೊರಗೆ ಬಂದು, ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಬೋರೇಗೌಡರು ಒಳಗಿನಿಂದ ಕೂಗುತ್ತಲೇ ಇದ್ದರು. ಅವಳು "ಬತ್ತೀನಿ ಇರು" ಅಂದಳೇ ಹೊರತು ಏಳಲಿಲ್ಲ. ನಾನು ಅತ್ತು ಮುಗಿಸುವವರೆಗೂ ಕೂತೇ ಇದ್ದಳು.

ಮರುದಿನವೇ ಮೈಸೂರಿಗೆ ಓಡಬೇಕಿತ್ತು. ಯಾಕೆ ಓಡಲಿಲ್ಲ ಅಂತ ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ. ಗುರುವಾರ ಸಾಹೇಬರು ಬರುತ್ತಾರೆ, ರಜ ಕೇಳಿದರೆ ಶಿಫಾರಸು ಹೋಗುತ್ತದೆ, ವರ್ಗವಾದರೆ ಎಲ್ಲ ಸರಿಹೋಗುತ್ತದೆ ಅಂತ ಲೆಕ್ಕ ಹಾಕಿದೆ. ಭಾವನವರಿಗೆ ಉದ್ದಕ್ಕೆ ಒಂದು ಕಾಗದ ಬರೆದೆ. ಜನರ ಬಾಯಿಗೆ ಹೆದರಿ ಹಾಗೆ ಹೇಳಿದ್ದೆ, ಕ್ಷಮಿಸಿ ಅಂತ. ಅವರ ಉತ್ತರ ಕಾರ್ಡಿನಲ್ಲಿ ಬಂತು. "ಮಗು ಕ್ಷೇಮ. ಅಲ್ಲಿ ತಮಗೆ ಮಕ್ಕಳಿಲ್ಲವೆಂದು ತಿಳಿದಿರುವುದರಿಂದ ಹಾಗೆಯೇ ಇರಲಿ. ಇಲ್ಲಿ ಅವಳಿಗೆ ಯಾವುದಕ್ಕೂ ಕೊರತೆಯಿಲ್ಲ." ಅಷ್ಟೇ. ಕಾರ್ಡು ಯಾರು ಬೇಕಾದರೂ ಓದಬಹುದಾಗಿತ್ತು. ಪೋಸ್ಟಿನವನು ನನ್ನ ಮುಖ ನೋಡದೆ ಕೊಟ್ಟು ಹೋದ.

ಗುರುವಾರ ಸಾಹೇಬರ ಕಾರು ಬಂದದ್ದು ಎರಡು ಗಂಟೆ ತಡವಾಗಿ. ತಾಲ್ಲೂಕು ಕಚೇರಿಯ ಮುಂದೆ ಎಳನೀರು ಕುಡಿದರು. ಅಮಲ್ದಾರರು ನನ್ನ ಹಾಳೆಗಳನ್ನು ಮುಂದೆ ಹಿಡಿದರು. ಸಾಹೇಬರು ಮೊದಲನೇ ಪುಟದ ತಲೆಬರಹ ಓದಿ, "ಬಹಳ ಚೆನ್ನಾಗಿದೆ, ಅಕ್ಷರ ಮುತ್ತಿನ ಹಾಗಿದೆ" ಅಂತ ಹೇಳಿ ಮಡಿಚಿ ಕೊಟ್ಟರು. ಬಿಸಿಲು ಇಳಿಯುವುದರೊಳಗೆ ಜಲಪಾತ ನೋಡಬೇಕಾಗಿತ್ತು. ಕಾರು ಹೊರಟಿತು. ಮಳವಳ್ಳಿಯಲ್ಲಿ ಅವರು ನೋಡಿದ್ದು ಆ ಎಳನೀರನ್ನೇ.

ನಾಲ್ಕು ದಿನ ಬಿಟ್ಟು ಅಮಲ್ದಾರರು ಕರೆಸಿ, "ನಿಮ್ಮ ವಿವರಣೆ ನಾನು ಪೂರ್ತಿ ಓದಿದೆ. ಈ ಊರನ್ನು ಇಷ್ಟು ಪ್ರೀತಿಯಿಂದ ಯಾರೂ ಬರೆದಿಲ್ಲ. ನಿಮ್ಮಂಥವರನ್ನು ಕಳಿಸಿಬಿಟ್ಟರೆ ಇಲ್ಲಿನ ಹೆಣ್ಣುಮಕ್ಕಳ ಗತಿಯೇನು? ಇನ್ನೊಂದು ವರ್ಷ ಇರಿ" ಅಂದರು. ಹೊಗಳಿಕೆ ಅಂತಲೇ ಹೇಳಿದರು ಪಾಪ. ನಾನು ಕೈಮುಗಿದು ಬಂದೆ. ಆ ಒಂದು ವರ್ಷ ಮೂರಾಯಿತು.

ಬೇಸಿಗೆ ರಜಕ್ಕೆ ಮೈಸೂರಿಗೆ ಹೋದೆ. ಬಾಗಿಲು ತೆಗೆದವಳು ವಸುವೇ. ಎತ್ತರವಾಗಿದ್ದಳು, ಎರಡು ಜಡೆ ಹಾಕಿದ್ದರು. ನಾನು ಬಗ್ಗಿ ಕೈ ಚಾಚಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ತಿರುಗಿ ಕೂಗಿದಳು:

"ಅಮ್ಮಾ, ಮಳವಳ್ಳಿಯಮ್ಮ ಬಂದ್ರು."

ಅಡುಗೆಮನೆಯಿಂದ ಓರಗಿತ್ತಿ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳು ನನಗೆ ಯಾವ ಕೇಡನ್ನೂ ಬಗೆದವಳಲ್ಲ. ಅವಳ ಕಣ್ಣಲ್ಲೂ ನೀರಿತ್ತು. ಆದರೆ ವಸುವಿನ ಆ ಮಾತನ್ನು ಅವಳು ತಿದ್ದಲಿಲ್ಲ, ನಾನೂ ತಿದ್ದಲಿಲ್ಲ. ಯಾವ ಬಾಯಲ್ಲಿ ತಿದ್ದಲಿ? ಆ ಹೆಸರು ಹಾಗೇ ಉಳಿಯಿತು. ಮದುವೆಯಾಗಿ, ಮಗುವಾಗಿ, ಓರಗಿತ್ತಿ ತೀರಿಕೊಂಡ ಮೇಲೂ ವಸು ನನ್ನನ್ನು ಕರೆಯುವುದು ಮಳವಳ್ಳಿಯಮ್ಮ ಅಂತಲೇ. ಪ್ರೀತಿ ಇದೆ. ಕಾಯಿಲೆಯಾದರೆ ಓಡಿ ಬರುತ್ತಾಳೆ. ಅಮ್ಮ ಅನ್ನುವ ಮಾತು ಮಾತ್ರ ಬೇರೆಯವರಿಗೆ ಖರ್ಚಾಗಿಹೋಗಿದೆ.

ಕಂಡಕ್ಟರು ಬಂದು ಸೀಟಿ ಊದಿದ. ಬಸ್ಸು ಊರು ದಾಟಿತು. ಚಿಕ್ಕತಾಯಮ್ಮನ ಮನೆ ಇದ್ದ ಬೀದಿ ಗುರುತೇ ಸಿಗಲಿಲ್ಲ.

"ವಸು, ಚಿಕ್ಕವಳಿದ್ದಾಗ ನೀನು ಒಂದು ಸಲ ಇಲ್ಲಿಗೆ ಬಂದಿದ್ದೆ. ನೆನಪಿದೆಯಾ?" ಅಂದೆ. ಆ ಪ್ರಶ್ನೆಯನ್ನು ಮೂವತ್ತೇಳು ವರ್ಷದಲ್ಲಿ ಮೊದಲ ಸಲ ಕೇಳಿದೆ.

"ಹೊಗೆ ನೆನಪಿದೆ. ಮತ್ತೆ ಬಾಗಿಲ ಸಂದಿಯಿಂದ ಒಬ್ಬಮ್ಮ ಹಣ್ಣು ಕೊಟ್ಟರು."

"ಅವಳು ಏನಂದಳು ಅಂತ ನೆನಪಿದೆಯಾ?"

ವಸು ಮಗಳ ತಲೆಗೂದಲು ಸರಿಮಾಡಿದಳು. "ಹಣ್ಣು ಸಿಹಿಯಾಗಿತ್ತು" ಅಂದಳು.

ನಾನು ಮಕ್ಕಳಿಲ್ಲ ಅಂದದ್ದು ಅವಳಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಬಸ್ಸು ಏರು ಹತ್ತುತ್ತಿತ್ತು. ಈಗ ಬಯಲಿನ ತುಂಬ ಕಬ್ಬು. ಆಲದ ಮರ ಮಾತ್ರ ಇನ್ನೂ ಇತ್ತು, ರಸ್ತೆ ಅಗಲ ಮಾಡುವಾಗ ಒಂದು ಪಕ್ಕದ ಕೊಂಬೆ ಕಡಿದಿದ್ದರು. ನಾನು ಮೊಮ್ಮಗಳ ಭುಜ ಮುಟ್ಟಿ ಕಿಟಕಿಯಾಚೆ ತೋರಿಸಿದೆ.

"ಈ ಊರಲ್ಲಿ ನೋಡೋಕೆ ಏನಿದೆ ಅಂದೆಯಲ್ಲ. ಆ ಮರ ನೋಡು. ನಿಮ್ಮಮ್ಮ ನಾಲ್ಕು ವರ್ಷದವಳಿದ್ದಾಗ ಅವಳಿದ್ದ ಬಸ್ಸು ಇಲ್ಲೇ ಕೆಟ್ಟು ನಿಂತಿತ್ತು. ಆ ಮರದ ಬುಡದಲ್ಲಿ ನಾನು ಕೂತಿದ್ದೆ. ಹೊಗೆ ಅಂತ ಮುಖ ಮುಚ್ಚಿಕೊಂಡು, ಬೆನ್ನು ತಿರುಗಿಸಿ ಕೂತಿದ್ದೆ. ನೋಡಲಿಲ್ಲ."

ಇದು ವಸುವಿಗೆ ಗೊತ್ತಿರಲಿಲ್ಲ. ಅವಳು ಮೂಗಿಗೆ ಹಿಡಿದಿದ್ದ ಸೆರಗನ್ನು ಕೆಳಗಿಳಿಸಿದಳು. ಮಗಳನ್ನು ದಾಟಿ ಕಿಟಕಿಗೆ ಬಗ್ಗಿ, ಆ ಮರ ತಿರುವಿನಲ್ಲಿ ಮರೆಯಾಗುವವರೆಗೂ ಕತ್ತು ತಿರುಗಿಸಿ ನೋಡುತ್ತಲೇ ಇದ್ದಳು.